ಆರುನೂರು ಜನರ ಅಡುಗೆಯವನ ಒಂಟಿ ತಟ್ಟೆ

ಜೈಲಿನ ಅಡುಗೆಮನೆಯಲ್ಲಿ ಅವನು ಇಪ್ಪತ್ತಾರು ವರ್ಷ ಆರುನೂರು ಜನರಿಗೆ ಬೇಯಿಸಿ ಹಾಕಿದ. ಒಳಗಿದ್ದವರೆಲ್ಲ ಅವನನ್ನು ಸೌಟಣ್ಣ ಎನ್ನುತ್ತಿದ್ದರು. ಸಾಲು ಮುರಿದು ತಟ್ಟೆ ಚಾಚಿದವನ ಬೆರಳ ಗೆಣ್ಣಿನ ಮೇಲೆ ಅವನ ಕಬ್ಬಿಣದ ಸೌಟು ಬೀಳುತ್ತಿತ್ತು. ಇನ್ನೊಂದು ಸಲ ಬಡಿಸು ಎಂದವನಿಗೆ ಸಿಗುತ್ತಿದ್ದುದೂ ಏಟೇ.

ಬೇಸಿಗೆಯ ಒಂದು ಬೆಳಿಗ್ಗೆ, ಹಿಂದಿನ ದಿನ ಬೇಯಿಸಿದ್ದ ಕಾಳು ಹಂಡೆಯಲ್ಲಿ ಅರ್ಧಕ್ಕರ್ಧ ಉಳಿದಿತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಚೆಲ್ಲಿದರೆ ಮತ್ತೆ ಮೊದಲಿನಿಂದ ಬೇಯಿಸಬೇಕು. "ಕುದಿಸಿದ್ರೆ ಸರಿಹೋಗತ್ತೆ ಬಿಡು," ಎಂದುಕೊಂಡು ಒಂದು ಹಿಡಿ ಉಪ್ಪು ಎಸೆದು ಬೆಂಕಿ ಏರಿಸಿದ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಜನ ವಾಂತಿ ಮಾಡಿಕೊಳ್ಳುತ್ತಿದ್ದರು. ಸಂಜೆ ಒಬ್ಬ ಮುದುಕ ಸತ್ತ.

ಆ ಸುದ್ದಿ ಊಟದ ಹಾಲಿಗೆ ಬಂದದ್ದೇ ತಡ, ತಟ್ಟೆಗಳು ಹಾರಿದವು. ಬೆಂಚುಗಳ ಕಾಲು ಮುರಿದು ಕೈಗೆ ಬಂದವು. ಕಾವಲುಗಾರನೊಬ್ಬನ ಕಣ್ಣು ಹೋಯಿತು; ಲಾಠಿಯ ಕೆಳಗೆ ಕೈದಿಯೊಬ್ಬನ ತಲೆ ಮಡಕೆಯಂತೆ ಬಿರಿಯಿತು. ಸತ್ತ ಮುದುಕನ ಕೋಣೆಯಲ್ಲೇ ಇದ್ದ ಒಬ್ಬ ಬಡಗಿ ಸೌಟಣ್ಣನನ್ನು ಕುತ್ತಿಗೆ ಹಿಡಿದು ಎಳೆದೊಯ್ದು, ಅವನ ಎಡಗೈಯನ್ನು ಕುದಿಯುವ ನೀರಿನಲ್ಲಿ ಮೊಣಕೈವರೆಗೆ ಅದ್ದಿದ.

ವಿಚಾರಣೆಯಲ್ಲಿ ಸೌಟಣ್ಣ, "ಕಾಳು ಚೆನ್ನಾಗೇ ಇತ್ತು ಸಾರ್, ನನಗೇನೂ ಗೊತ್ತಾಗ್ಲಿಲ್ಲ," ಎಂದ. ನಂಬಿದರು. ಬಡಗಿಗೆ ಇನ್ನೂ ಆರು ವರ್ಷ ಬಿತ್ತು.

ಏಳು ವರ್ಷ ಕಳೆದು ಸೌಟಣ್ಣ ನಿವೃತ್ತನಾಗಿ, ಎರಡನೇ ಮಹಡಿಯಲ್ಲಿ ಒಂದು ಕೋಣೆ ಹಿಡಿದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಸಕ್ಕರೆ ಕಾಯಿಲೆ ಬೇರೆ. ಹೊರಗೆ ತಿನ್ನುವುದು ಬಿಟ್ಟು ಮನೆಯಲ್ಲೇ ಹಿತವಾಗಿ, ಮಿತವಾಗಿ ಮಾಡಿಕೊಳ್ಳಿ ಎಂದಿದ್ದರು ಡಾಕ್ಟರು. ಆದರೆ ಅವನ ಕೈಗೆ ಸಣ್ಣ ಅಳತೆಯೇ ಗೊತ್ತಿರಲಿಲ್ಲ. ಒಬ್ಬನಿಗೆಂದು ಒಲೆ ಹಚ್ಚಿದರೂ ಹತ್ತು ಜನರಿಗಾಗುವಷ್ಟು ಬೇಯುತ್ತಿತ್ತು. ಉಳಿದದ್ದನ್ನು ಮುಟ್ಟಲು ಮಾತ್ರ ಅವನಿಗೆ ಜೀವಭಯ. ಉಂಡ ಕೈ ತೊಳೆಯುವ ಮೊದಲೇ ಎಲ್ಲವನ್ನೂ ಬಚ್ಚಲ ಮೋರಿಗೆ ಸುರಿದುಬಿಡುತ್ತಿದ್ದ.

ಒಂದು ದಿನ ಮೋರಿ ಕಟ್ಟಿಕೊಂಡು, ಕೆಳಗಿನ ಮನೆಯ ದರ್ಜಿ ಹೆಂಗಸಿನ ಹೊಲಿಗೆ ಯಂತ್ರದ ಮೇಲೆ ಕೊಳೆತ ಅನ್ನದ ನೀರು ತೊಟ್ಟಿಕ್ಕಿತು. ಆಕೆ ದಡದಡ ಮೆಟ್ಟಿಲು ಹತ್ತಿ ಬಂದವಳೇ ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ಸೌಟಣ್ಣ ಸೌಟು ಎತ್ತಿದ.

"ಹೊಡಿ, ನೋಡೇಬಿಡೋಣ!" ಆಕೆಯ ಕೈಯಲ್ಲಿ ಕತ್ತರಿ ಇತ್ತು. "ಇಲ್ಲೇನು ದಂಡು ಬಂದು ಇಳ್ಕೊಂಡಿದೆಯಾ? ಒಂದು ಹೊಟ್ಟೆಗೆ ಒಂದು ಹಂಡೆ!"

"ನನಗೆ ಕಮ್ಮಿ ಮಾಡೋಕೆ ಬರಲ್ಲ," ಎಂದ ಅವನು. ಸೌಟು ಕೆಳಗಿಳಿದಿತ್ತು.

"ಮೈ ಅಳತೆ ತಗೊಳ್ದೆ ನಾನು ಬಟ್ಟೆಗೆ ಕತ್ತರಿ ಹಾಕ್ತೀನಾ? ಎಲ್ಲಿ, ಕೈ ಚಾಚು."

ಸುಟ್ಟು ಮುರುಟಿದ ಎಡಗೈ ಕಂಡು ಆಕೆ ಕತ್ತರಿಯನ್ನು ಕೆಳಗಿಟ್ಟಳು. ಆಮೇಲೆ ಇನ್ನೊಂದು ಕೈಯನ್ನು ಹಿಡಿದು ಮುಷ್ಟಿ ಕಟ್ಟಿಸಿದಳು. "ಅಕ್ಕಿ ಇಷ್ಟೇ, ಒಂದು ಹಿಡಿ. ಕಾಳು ಅದರಲ್ಲಿ ಅರ್ಧ. ತರಕಾರಿ ಎರಡು ಹಿಡಿ. ಸೊಪ್ಪಿನ ದಂಟು ಬಿಸಾಡ್ಬೇಡ, ಅದೂ ಬೇಯತ್ತೆ. ಇಡೀ ಕೋಸು ಯಾಕೆ ಹೊತ್ಕೊಂಡು ಬರ್ತೀಯಾ? ಕಾಲು ಭಾಗ ಕೊಯ್ಸ್ಕೊಂಡು ಬಾ."

ಹಾಗೆ ಕಾಲು ಕೋಸಿಗೆಂದು ಅವನು ಮಾರುಕಟ್ಟೆಗೆ ಹೋದ. ಅಂಗಡಿಯವನು ಕೋಸನ್ನು ಹಲಗೆಯ ಮೇಲಿಟ್ಟು ಕತ್ತಿ ಎತ್ತಿದವನು ಗಿರಾಕಿಯ ಎಡಗೈ ನೋಡಿ ಹಾಗೇ ನಿಂತುಬಿಟ್ಟ. ಸೌಟಣ್ಣನೂ ಅವನ ಮುಖ ನೋಡಿದ. ಅದೇ ಬಡಗಿ, ಬಿಡುಗಡೆಯಾಗಿ ಬಂದಿದ್ದ.

ಹೆದರಿಕೆಗೆ ಸೌಟಣ್ಣನೇ ಮೊದಲು ಕೈ ಮಾಡಿದ. ತಕ್ಕಡಿಯ ತೂಕದ ಬಟ್ಟನ್ನು ಬೀಸಿ ಬಡಗಿಯ ಹುಬ್ಬು ಒಡೆದ. ಬಡಗಿ ಕತ್ತಿಯನ್ನು ಅತ್ತ ಎಸೆದು ಬರಿಗೈಯಲ್ಲೇ ಮೇಲೆ ಬಿದ್ದ. ಗೂಡೆಗಳು ಉರುಳಿದವು, ಹಣ್ಣುಗಳು ಕಾಲಡಿ ಪಚಕ್ಕನೆ ಒಡೆದವು. ಇಬ್ಬರಿಗೂ ವಯಸ್ಸಾಗಿತ್ತು, ಬೇಗನೆ ಏದುಸಿರು ಬಂತು.

"ನೀರು ನೀರು ಅಂತ ನನ್ನ ತೊಡೆ ಮೇಲೆ ಸತ್ತ ಆ ಮುದುಕ," ಎಂದ ಬಡಗಿ, ಸೌಟಣ್ಣನ ಎದೆಯ ಮೇಲೆ ಕೂತು.

"ನನಗೆ ಗೊತ್ತಿತ್ತು. ಹಳಸಿತ್ತು ಅದು. ಗೊತ್ತಿದ್ದೇ ಬಡಿಸ್ದೆ."

ಬಡಗಿ ಇನ್ನೊಂದು ಗುದ್ದು ಕೊಟ್ಟ. ಮುಂದಿನ ಎರಡು ಹಲ್ಲು ಹೋದವು. ಆಮೇಲೆ ಎದ್ದು, ಗೋಡೆಗೆ ಮುಖ ಮಾಡಿ ಗೋಳೋ ಎಂದು ಅತ್ತ.

ಪೊಲೀಸರು ಬಂದಾಗ ಸೌಟಣ್ಣ, ಜಾರಿ ಬಿದ್ದೆ ಎಂದ.

"ಹಾಗಾದ್ರೆ ಇವನ ಹುಬ್ಬು?"

"ಅದು ಒಡೆದಿದ್ದು ನಾನೇ. ಎಳ್ಕೊಂಡು ಹೋಗೋದಾದ್ರೆ ನನ್ನ ಎಳ್ಕೊಂಡು ಹೋಗಿ."

ಅವರು ಇಬ್ಬರಿಗೂ ಬೈದು ಹೊರಟುಹೋದರು.

ಮರುದಿನ ಸೌಟಣ್ಣ ಬಾತುಕೊಂಡ ಮುಖ ಹೊತ್ತು ಜೈಲಿನ ಕಚೇರಿಗೆ ಹೋಗಿ, ವಿಚಾರಣೆಯಲ್ಲಿ ತಾನು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟ. "ಆ ಫೈಲು ಮುಚ್ಚಿ ಎಷ್ಟು ಕಾಲ ಆಯ್ತು! ಮನೆಗೆ ಹೋಗಿ ಮಲಗಿ ಯಜಮಾನ್ರೇ," ಎಂದ ಗುಮಾಸ್ತ. ಆ ಕಾಗದಕ್ಕೆ ಮೊಹರು ಬೀಳುವವರೆಗೆ ಸೌಟಣ್ಣ ಮೇಜು ಬಿಟ್ಟು ಕದಲಲಿಲ್ಲ. ಅದರಿಂದ ಏನೂ ಬದಲಾಗಲಿಲ್ಲ. ಬಡಗಿಯ ಆರು ವರ್ಷ ಹೋದದ್ದು ಹೋಯಿತು.

ಈಗ ಅವನು ಒಂದು ಕ್ಯಾರೆಟ್, ಒಂದು ಆಲೂಗಡ್ಡೆ, ಒಂದು ಮೊಟ್ಟೆ ತಂದು, ವಸಡಿಗೆ ನೋವಾಗದಂತೆ ಮೆತ್ತಗೆ ಬೇಯಿಸಿಕೊಂಡು ಉಣ್ಣುತ್ತಾನೆ. ಪಾತ್ರೆಯಲ್ಲಿ ಒಂದಗುಳೂ ಉಳಿಯುವುದಿಲ್ಲ. ಸಕ್ಕರೆ ಇಳಿದಿದೆಯಂತೆ. ಬಡಗಿ ಅವನಿಗೆ ಮತ್ತೆ ತರಕಾರಿ ಮಾರಲಿಲ್ಲ. ಎದುರಾದರೆ ರಸ್ತೆಗೆ ಉಗಿಯುತ್ತಾನೆ. ಸೌಟಣ್ಣ ತಲೆ ತಗ್ಗಿಸಿ, ಎರಡು ಬೀದಿ ಆಚೆಯ ಅಂಗಡಿಗೆ ನಡೆಯುತ್ತಾನೆ.