ಆ ನಾಯಿಗೆ ಪೇಢೆ ಹಾಕಬೇಡಿ

ನಮ್ಮ ಅಂಗಡಿಯಲ್ಲಿ ಮನುಷ್ಯರು ತಿನ್ನುವ ಬಿಸ್ಕತ್ತು ಬೇರೆ, ನಾಯಿಗೆ ಹಾಕುವ ಬಿಸ್ಕತ್ತು ಬೇರೆ ಇರುತ್ತಿತ್ತು. ಮನುಷ್ಯರದು ಗಾಜಿನ ಭರಣಿಯಲ್ಲಿ. ನಾಯಿಗಳದು ಮುರಿದದ್ದು, ಮೆತ್ತಗಾದದ್ದು, ಅವಧಿ ಮುಗಿದದ್ದು, ಎಲ್ಲ ಸೇರಿ ಒಂದು ತಗಡಿನ ಡಬ್ಬಿಯಲ್ಲಿ. ಗಾಣಗಾಪುರದ ದತ್ತನ ಗುಡಿಗೆ ಹೋಗುವ ದಾರಿಯಲ್ಲಿ ಕಾಯಿ, ಕರ್ಪೂರ, ಹೂವು, ಪೇಢೆ ಮಾರುವ ಅಂಗಡಿ ನಮ್ಮದು, ನಾನೂ ನನ್ನ ಗಂಡನೂ ಕೂರುತ್ತೇವೆ. ದತ್ತನ ಪಟದಲ್ಲಿ ಅವನ ಕಾಲ ಬಳಿ ನಾಲ್ಕು ನಾಯಿಗಳಿರುತ್ತವಲ್ಲ, ಹಾಗಾಗಿ ಇಲ್ಲಿಗೆ ಬರುವವರಿಗೆ ನಾಯಿ ಕಂಡರೆ ಕೈ ಸುಮ್ಮನಿರುವುದಿಲ್ಲ. "ನಾಯಿಗಿ ಹಾಕ್ರಿ, ಪುಣ್ಯ ಬರ್ತದ" ಎಂದು ಹೇಳಿ ಆ ಡಬ್ಬಿ ತೆರೆದು ಮಾರುತ್ತಿದ್ದವಳು ನಾನೇ. ಹನ್ನೆರಡು ವರ್ಷ ಹೇಳಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆಯವರನ್ನು ಬಹಳ ಬೈಯುವವಳಿದ್ದೇನೆ.

ಅಂಗಡಿಯ ಹಲಗೆಯ ಕೆಳಗೆ ಎರಡು ಬೀದಿನಾಯಿಗಳು ಮಲಗುತ್ತಿದ್ದವು. ಒಂದು ಕರಿಯ ಗಂಡು, ಒಂದು ಕಂದು ಬಣ್ಣದ ಹೆಣ್ಣು. ಗುರುವಾರ, ಹುಣ್ಣಿಮೆ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಅವುಗಳ ಬಾಯಿಗೆ ಬಿಡುವಿಲ್ಲ. ಪೇಢೆ, ಬಿಸ್ಕತ್ತು, ಹೋಳಿಗೆ, ಶಿರಾ. ಮಧ್ಯಾಹ್ನ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡು ಬಂದು ಮತ್ತೆ ಬಾಯಿ ತೆರೆದು ನಿಲ್ಲುತ್ತಿದ್ದವು. ನಾನು ನೋಡಿಯೂ ನೋಡದಂತೆ ನೀರು ಸುರಿದು ಗುಡಿಸುತ್ತಿದ್ದೆ.

ಒಂದು ಹುಣ್ಣಿಮೆಯ ದಿನ ಕರಿಯ ನಾಯಿಯ ಹೊಟ್ಟೆ ಉಬ್ಬಿ ಬಿಗಿಯಿತು. ಮಲಗಲಾರದು, ನಿಲ್ಲಲಾರದು. ಸಂಜೆಗೆ ನಮ್ಮ ಮೆಟ್ಟಿಲ ಮುಂದೆಯೇ ಸತ್ತಿತು. ಅದರ ತುಟಿಯ ಮೇಲೆ ಇನ್ನೂ ಪೇಢೆಯ ಪುಡಿ ಇತ್ತು. ದರ್ಶನ ಮುಗಿಸಿ ಬಂದ ಒಬ್ಬ ದೊಡ್ಡ ಮನುಷ್ಯ ತನ್ನ ಕೈಯ ಹೂವನ್ನು ಅದರ ಮೇಲೆ ಹಾಕಿ, "ಪುಣ್ಯವಂತ ಜೀವ ನೋಡ್ರಿ, ದತ್ತನ ಬಾಗಲದಾಗ ಹೋತು" ಎಂದ. ಸುತ್ತ ನಿಂತವರು ಕೈ ಮುಗಿದರು. ಅಲ್ಲಿಯವರೆಗೆ ನನಗೆ ಅಷ್ಟು ಸಿಟ್ಟು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಉಳಿದ ಹೆಣ್ಣುನಾಯಿಯ ಬೆನ್ನಿನ ಕೂದಲು ಆಗಲೇ ಉದುರಿ ಚರ್ಮ ಕೆಂಪಾಗಿತ್ತು. ಮರುದಿನವೇ ಅದನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಅಫಜಲಪುರದ ದನದ ದವಾಖಾನೆಗೆ ಹೋದೆ. ಅಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು.

"ಏನ್ ತಿನ್ನಸ್ತೀರಿ ಇದಕ್ಕ?"

"ರೊಟ್ಟಿ, ಅನ್ನ ರೀ."

ಆಕೆ ನಾಯಿಯ ಬಾಯಿ ಅಗಲಿಸಿ ನನಗೆ ತೋರಿಸಿದಳು. "ಇವು ರೊಟ್ಟಿ ತಿಂದ ಹಲ್ಲೇನ್ರಿ?"

ಹಲ್ಲುಗಳು ಬುಡದಲ್ಲಿ ಕಪ್ಪಾಗಿ ಸವೆದಿದ್ದವು. ನಾನು ತಲೆ ತಗ್ಗಿಸಿದೆ. "ಚರ್ಮಕ್ಕ ಔಷಧ ಕೊಡ್ತೇನಿ. ಆದ್ರ ಊಟ ಬದಲಿ ಆಗ್ಲಿಲ್ಲಂದ್ರ ಔಷಧ ದಂಡ" ಎಂದು ಹೇಳಿ, ಏನು ಹಾಕಬೇಕೆಂದು ಬಿಡಿಸಿ ಹೇಳಿದಳು. ಬೇಯಿಸಿದ ತತ್ತಿ, ಕೋಳಿ ಮಾಂಸ, ಆಗಾಗ ಸ್ವಲ್ಪ ಕಲೀಜಿ ಅಂದರೆ ಕೋಳಿಯ ಯಕೃತ್ತು, ಜೋಳದ ನುಚ್ಚು, ಕುಂಬಳಕಾಯಿ, ಗಜ್ಜರಿ. ಉಪ್ಪು, ಖಾರ, ಎಣ್ಣೆ ಬೇಡ. ಉಳ್ಳಾಗಡ್ಡಿ, ಒಣದ್ರಾಕ್ಷಿ ನಾಯಿಗೆ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಸಿಹಿ ಅಂತೂ ಒಂದು ಚೂರೂ ಕೂಡದು. ನಾನು ಪ್ರತಿ ಗುರುವಾರ ಮಾರುತ್ತಿದ್ದ ಪ್ರಸಾದದ ಶಿರಾದಲ್ಲಿ ದ್ರಾಕ್ಷಿ ಎಣಿಸಿ ಹಾಕುತ್ತಿದ್ದವರು ನನ್ನ ಅತ್ತೆ.

ನಾಯಿಯನ್ನು ಅಂಗಡಿಗೆ ಬಿಡದೆ ಮನೆಗೇ ಕರೆದುಕೊಂಡು ಬಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಗಂಡನಿಗೂ ಹೇಳಿದೆ, ಆದರೂ ಆತ ಅಂಗಡಿಯ ತಗಡಿನ ಡಬ್ಬಿ ತೆಗೆಯಲಿಲ್ಲ. ಹೆಸರಿಡಲಿಲ್ಲ. "ಬಾರವ್ವಾ" ಎಂದರೆ ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ನಮ್ಮದು ಲಿಂಗವಂತರ ಮನೆ. ತತ್ತಿಯ ಸಿಪ್ಪೆ ಕೂಡ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ನಾನೇ ನಲವತ್ತೇಳು ವರ್ಷದಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಮಾಂಸದಂಗಡಿಯ ಮುಂದೆ ಹೋಗಿ ನಿಂತಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿ, "ದಾರಿ ತಪ್ಪಿ ಬಂದೀರೇನ್ ಅಕ್ಕಾ?" ಎಂದ. ನಾಯಿಗೆ ಎಂದು ಹೇಳಿದ ಮೇಲೆ ನಗಲಿಲ್ಲ. ಕಾಗದದಲ್ಲಿ ಸುತ್ತಿ, ಮೇಲೊಂದು ಚೀಲ ಹಾಕಿ, ರಕ್ತ ಕಾಣದಂತೆ ಕಟ್ಟಿಕೊಟ್ಟ.

ಅತ್ತೆ ಬಾಗಿಲಲ್ಲೇ ತಡೆದರು. "ಕೊಳ್ಳಾಗ ಲಿಂಗ ಅದ, ಕೈಯಾಗ ಕಲೀಜಿ ಹಿಡಕೊಂಡು ಬರ್ತಿ ಏನ್ ಬೇ? ನಾಚಿಕಿ ಇಲ್ಲೇನ್ ನಿನಗ?"

"ಒಳಗ ತರಂಗಿಲ್ರಿ ಅತ್ತಿ. ಹಿತ್ತಲದಾಗ ಕುದಸ್ತೇನಿ."

"ಹಿತ್ತಲ ಏನ್ ಬ್ಯಾರೆಯವರ ಮನೀದ?"

ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಬೇರೆ ಗಡಿಗೆ, ಬೇರೆ ಚಮಚ, ಆಮೇಲೆ ನನಗೆ ಸ್ನಾನ. ಒಂದು ವಾರ ಅತ್ತೆ ನಾನು ಬಡಿಸಿದ್ದನ್ನು ಉಣ್ಣಲಿಲ್ಲ. ತಾವೇ ರೊಟ್ಟಿ ಬಡಿದುಕೊಂಡರು, ಆ ಬಡಿತ ನನಗೆ ಕೇಳಲೆಂದೇ ಇತ್ತು. ನಾನೂ ಸೋಲಲಿಲ್ಲ. ಮಾತು ಕಡಿಮೆಯಾಯಿತು, ಮನೆ ಬಿಗಿಯಾಯಿತು. ನಾಯಿಯ ಬೆನ್ನಿನ ಮೇಲೆ ಮಾತ್ರ ನುಣ್ಣಗೆ ಹೊಸ ಕೂದಲು ಬಂತು. ಮೂರು ತಿಂಗಳಲ್ಲಿ ಅದರ ನಡಿಗೆಯೇ ಬೇರೆಯಾಗಿ, ಹಿತ್ತಲಲ್ಲಿ ಅಳಿಲಿನ ಹಿಂದೆ ಓಡತೊಡಗಿತು.



ಜೇವರ್ಗಿ ಕಡೆಯ ಕೊಳಕೂರ ನನ್ನ ತವರು. ಹೊಸ ಜೋಳ ತರಲು ಎರಡು ದಿನ ಹೋಗಿದ್ದೆ. ಗುರುವಾರ ಮಧ್ಯಾಹ್ನ ಮನೆಗೆ ಬಂದರೆ ಹಿತ್ತಲು ಖಾಲಿ. ಅತ್ತೆ ನನ್ನ ಮುಖ ನೋಡದೆ, "ಅವ ಒಯ್ದಾನ, ಅಂಗಡಿಗಿ" ಎಂದರು. ಅವ ಎಂದರೆ ಅವರ ಮಗ, ನನ್ನ ಗಂಡ.

ಜೋಳದ ಚೀಲ ಅಲ್ಲೇ ಬಿಟ್ಟು ಓಡಿದೆ. ಅಂಗಡಿಯ ಮುಂದೆ ಗೋಣಿತಟ್ಟು ಹಾಸಿ, ಕಂಬಕ್ಕೆ ಸರಪಳಿಯಿಂದ ನಾಯಿಯನ್ನು ಕಟ್ಟಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ. ನನ್ನ ಗಂಡ ನಿಂತು ಕೂಗುತ್ತಿದ್ದ, "ಬರ್ರಿ, ಬರ್ರಿ, ದತ್ತನ ನಾಯಿ! ಕೈಯಿಂದ ತಿನಸ್ರಿ!" ನಾನು ಔಷಧ ಹಚ್ಚಿ, ಗಜ್ಜರಿ ಕುದಿಸಿ, ಅತ್ತೆಯ ಬೈಗುಳ ತಿಂದು ಮೈಗೆ ಕಳೆ ತಂದಿದ್ದೆನಲ್ಲ, ಆ ಕಳೆಯನ್ನೇ ಅವನು ಅಂಗಡಿಗೆ ಜನ ಕರೆಯಲು ನಿಲ್ಲಿಸಿದ್ದ. ಜನ ಸಾಲುಗಟ್ಟಿದ್ದರು. ಸೊಲ್ಲಾಪುರ ಕಡೆಯ ಒಬ್ಬ ಹೆಂಗಸು ಪೇಢೆ ಬಾಯಿಗೆ ತುರುಕುತ್ತಿದ್ದಳು, ಆಕೆಯ ಗಂಡ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ನಾಯಿ ಮುಖ ತಿರುಗಿಸುತ್ತಿತ್ತು. ಅವಳು ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

ನಾನು ಅವಳ ಕೈಯ ಮೇಲೆ ಹೊಡೆದೆ. ಪೇಢೆ ನೆಲಕ್ಕೆ ಬಿತ್ತು.

"ಏನ್ರಿ ಇದು! ದೇವರ ಪ್ರಸಾದ!" ಎಂದು ಆಕೆಯ ಗಂಡ ಮೈಮೇಲೆ ಬಂದ.

"ನಿಮ್ಮ ಕೂಸಿಗಿ ಹಿಂಗ ಕಟ್ಟಿ ಹಾಕಿ ತಿನ್ನಸ್ತೀರೇನ್ರಿ? ವಾಂತಿ ಮಾಡೂ ತನಕ ತಿನ್ನಸ್ತೀರೇನ್ರಿ? ಇದು ಸತ್ರ ಮ್ಯಾಲ ಹೂವ ಹಾಕಿ ಹೋಗ್ತೀರಿ. ನಿಮಗ ನಾಯಿ ಬೇಕಾಗಿಲ್ಲ, ನಿಮ್ಮ ಪುಣ್ಯ ಬೇಕಾಗೇದ!"

ಗಂಡ ರಟ್ಟೆ ಹಿಡಿದೆಳೆದ. "ಹುಚ್ಚು ಹಿಡದದೇನ್ ನಿನಗ? ಗಿರಾಕಿ ಅದಾರ, ಬಾಯಿ ಮುಚ್ಚು."

"ಇದನ್ನ ಕಟ್ಟಾಕ ನಿಮಗ ಕೈ ಹ್ಯಾಂಗ ಬಂತ್ರಿ? ಎಲ್ಲಾ ಗೊತ್ತಿದ್ದೂ?"

ನಾನು ತಗಡಿನ ಡಬ್ಬಿ ಎತ್ತಿ ಎಲ್ಲರೆದುರು ಚರಂಡಿಗೆ ಸುರಿದೆ. ಪೇಢೆಯ ತಾಟನ್ನೂ ಸುರಿದೆ. ಹಾರ ಕಿತ್ತು ಸರಪಳಿ ಬಿಚ್ಚಿದೆ. ಕಡೆಗೆ ನಾಯಿಯನ್ನು ಎತ್ತಿಕೊಂಡೇ ಮನೆಗೆ ನಡೆದೆ. ದಾರಿಯಲ್ಲಿ ಅದು ನನ್ನ ಸೀರೆಯ ಮೇಲೆ ಎರಡು ಸಲ ವಾಂತಿ ಮಾಡಿತು.

ಮೂರು ದಿನ ಅದು ಏನೂ ಮುಟ್ಟಲಿಲ್ಲ. ಡಾಕ್ಟರು ಸಲೈನು ಹಚ್ಚಿದರು. ನಾಲ್ಕನೆಯ ದಿನ ಬೆಳಿಗ್ಗೆ ನನಗೆ ಜ್ವರ, ಏಳಲಾಗಲಿಲ್ಲ. ಹಿತ್ತಲಿನಿಂದ ಹೊಗೆ ಬರುತ್ತಿದೆಯಲ್ಲ ಎಂದು ಕಿಟಕಿಯಿಂದ ನೋಡಿದರೆ ಅತ್ತೆ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಲೆ ಊದುತ್ತಿದ್ದರು. ಗಡಿಗೆಯಲ್ಲಿ ಬರೀ ನುಚ್ಚು. ಮಾಂಸ ಮುಟ್ಟಿರಲಿಲ್ಲ, ಇಂದಿಗೂ ಮುಟ್ಟಿಲ್ಲ. ಗಂಡ ಅಲ್ಲೇ ಹಲ್ಲು ಉಜ್ಜುತ್ತ ನಿಂತಿದ್ದ. ಅತ್ತೆ ಅವನ ಕಡೆ ನೋಡದೆ ಅಂದರು, "ಹೊಟ್ಟಿಗಿ ಹಾಕೂದು ಗೊತ್ತಿಲ್ಲಂದ್ರ ಹಾಕಬಾರದಪ್ಪಾ. ಕಟ್ಟಿ ಹಾಕಿ ತಿನ್ನಸೂದು ಎಲ್ಲಿ ಕಲ್ತಿ ನೀ?" ನಾಯಿ ಎರಡು ತುತ್ತು ನೆಕ್ಕಿತು.

ನಾಯಿ ಉಳಿಯಿತು. ಗಂಡ ಮಾತ್ರ ತಪ್ಪಾಯಿತು ಎಂದು ಇವತ್ತಿನವರೆಗೆ ಹೇಳಿಲ್ಲ. ನಾನೂ ಮರೆತಿಲ್ಲ. ಒಂದೇ ಅಂಗಡಿಯಲ್ಲಿ ಕೂರುತ್ತೇವೆ, ಬೇಕಾದಷ್ಟೇ ಮಾತಾಡುತ್ತೇವೆ. ನಮ್ಮಲ್ಲಿ ನಾಯಿಯ ಬಿಸ್ಕತ್ತು ನಿಂತಿತು, ಪಕ್ಕದ ಅಂಗಡಿಯಲ್ಲಿ ಶುರುವಾಯಿತು. ನಾಯಿಗೆ ಪೇಢೆ ಹಾಕಬೇಡಿ ಎಂದು ನಾನು ಬರೆದು ತೂಗುಹಾಕಿದ ರಟ್ಟಿನ ಫಲಕವನ್ನು ಯಾರೋ ಎರಡು ಸಲ ಹರಿದರು. ಮೂರನೆಯದನ್ನು ಗೋಡೆಯ ಮೇಲೆ ಬಣ್ಣದಲ್ಲೇ ಬರೆಸಿದ್ದೇನೆ. ಓಣಿಯಲ್ಲಿ ನನಗೆ ನಾಯಿ ಹುಚ್ಚಿ ಎಂಬ ಹೆಸರು ಬಿದ್ದಿದೆ.

ಈಗ ಬಿಸ್ಕತ್ತಿನ ಬದಲು ಜೋಳದ ರೊಟ್ಟಿಯ ತುಂಡು ಇಟ್ಟಿರುತ್ತೇನೆ, ಕೇಳಿದವರಿಗೆ ಸುಮ್ಮನೆ ಕೊಡುತ್ತೇನೆ. ಹೆಚ್ಚಿನವರು ಮೂಗು ಮುರಿಯುತ್ತಾರೆ. "ದೇವರ ನಾಯಿಗಿ ಒಣ ರೊಟ್ಟಿ ಹಾಕೂದೇನ್ರಿ?" ಎಂದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋದ ವಾರ ಆಳಂದ ಕಡೆಯ ಒಬ್ಬ ಮುದುಕಿ ಮಾತ್ರ ಗೋಡೆಯ ಮೇಲಿನದನ್ನು ಓದಿಸಿಕೊಂಡು ಕೇಳಿ, ತನ್ನ ಚೀಲದಲ್ಲಿದ್ದ ಪೇಢೆಯ ಪೊಟ್ಟಣವನ್ನು ಮತ್ತೆ ಒಳಗೆ ತುರುಕಿಕೊಂಡಳು. ರೊಟ್ಟಿಯ ತುಂಡನ್ನು ನೀರಿನಲ್ಲಿ ನೆನೆಸಿಕೊಂಡು, ರಸ್ತೆಯಾಚೆ ಮಲಗಿದ್ದ ಒಂದು ಬಡಕಲು ನಾಯಿಯ ಮುಂದೆ ಇಟ್ಟು, ಅದು ತಿಂದು ಮುಗಿಸುವವರೆಗೆ ಬಿಸಿಲಲ್ಲೇ ನಿಂತಿದ್ದಳು.