ಮೀನಕ್ಕನ ಸಹಿ

ಕಣ್ಣಾಸ್ಪತ್ರೆಯ ಹಾಲ್‌ನಲ್ಲಿಟ್ಟ ಗಾಜಿನ ತೊಟ್ಟಿಯಲ್ಲಿ ಮೂರನೇ ಸಲ ಮೀನು ಸತ್ತಾಗ ಎಲ್ಲರೂ ಮೀನಕ್ಕನ ಮುಖ ನೋಡಿದರು. ನೋಡಲಿ ಬಿಡಿ, ಆಕೆ ಅಷ್ಟಕ್ಕೆಲ್ಲ ತಲೆ ತಗ್ಗಿಸುವ ಪೈಕಿಯಲ್ಲ. ವಯಸ್ಸು ಐವತ್ತೆರಡು, ಎತ್ತರ ಐದಡಿಗೆ ಎರಡಿಂಚು ಕಮ್ಮಿ, ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಸುರುಳಿ ಸುತ್ತಿದ ಪೈಪು. ಊರಿನ ಹನ್ನೊಂದು ತೊಟ್ಟಿಗಳು ಆಕೆಯ ಸುಪರ್ದಿನಲ್ಲಿದ್ದವು. ಎರಡು ಬ್ಯಾಂಕಿನವು, ಒಂದು ಹೋಟೆಲಿನದು, ಒಂದು ಹಲ್ಲಿನ ಡಾಕ್ಟರದು, ಒಂದು ಈ ಕಣ್ಣಾಸ್ಪತ್ರೆಯದು, ಮಿಕ್ಕವು ಮನೆಗಳವು.

ಕೆಲಸ ಕಲಿಸಿದ್ದು ಅಣ್ಣ. ಅವನದು ಮೀನಿನ ಅಂಗಡಿ. ತಿನ್ನುವ ಮೀನಲ್ಲ, ನೋಡುವ ಮೀನು. ಸ್ಕೂಲಿನಿಂದ ಓಡಿ ಬಂದು ಪ್ಲಾಸ್ಟಿಕ್ ಚೀಲಕ್ಕೆ ನೀರು, ಮೀನು, ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದವಳು ಇವಳು. ಮುಂದೆ ಅಣ್ಣ ಅಂಗಡಿ ಮುಚ್ಚಿ ಟೈರ್ ವ್ಯಾಪಾರಕ್ಕಿಳಿದ. "ಸಾಕು ಬಿಡೇ, ಇದ್ರಲ್ಲಿ ಏನಿದೆ ಮಣ್ಣು" ಎಂದ. ಜಪ್ಪಯ್ಯ ಅಂದರೂ ಬಿಡಲಿಲ್ಲ ಮಹಾತಾಯಿ. ಅವನು ಬಿಸಾಡಿದ ಬಲೆ, ಬಕೆಟ್ಟು ಎತ್ತಿಕೊಂಡು ಮನೆಮನೆಗೆ ಹೊರಟವಳು ಇಪ್ಪತ್ತಾರು ವರ್ಷ ತಿರುಗಿದ್ದಾಳೆ.

ಆಸ್ಪತ್ರೆಯ ತೊಟ್ಟಿಯನ್ನು ಊರಿನ ದೊಡ್ಡ ಕುಳವೊಬ್ಬರು ತಮ್ಮ ತಾಯಿಯ ನೆನಪಿಗೆ ಕೊಟ್ಟಿದ್ದರು. ಹಲವು ಜಾತಿಯ ಮೀನುಗಳು ಒಟ್ಟಿಗಿರುವ ತೊಟ್ಟಿ ಅದು. ಗಪ್ಪಿಗಳು, ಕಪ್ಪು ಮೋಲಿಗಳು, ತಳ ಕೆದಕುವ ಮೀಸೆಮೀನು ಒಂದು, ಜೊತೆಗೆ ಬೆಂಕಿಕಡ್ಡಿಯಷ್ಟುದ್ದದ ನೀಲಿ-ಕೆಂಪು ಪಟ್ಟಿಯ ನಿಯಾನ್‌ಗಳು. ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕೂತ ರೋಗಿಗಳಿಗೆ ಲೋಕವೆಲ್ಲ ಮಸುಕಾಗಿ ಕಂಡರೂ ಆ ನೀಲಿ ಮಾತ್ರ ಕಾಣುತ್ತಿತ್ತು. ಸಾಯುತ್ತಿದ್ದುದು ಆ ನಿಯಾನ್‌ಗಳೇ. ಗಪ್ಪಿಗಳದು ಗಟ್ಟಿಪಿಂಡ, ಅವು ಏನೂ ಆಗದ ಹಾಗೆ ಬಾಲ ಕುಣಿಸಿಕೊಂಡಿದ್ದವು.

ದೊಡ್ಡ ಡಾಕ್ಟರು ಒಳಗೆ ಕರೆದು ಟೈಪ್ ಮಾಡಿದ ಒಂದು ಹಾಳೆ ಮುಂದೆ ತಳ್ಳಿದರು.

"ತೊಟ್ಟಿ ಕೊಟ್ಟವರು ಕೇಳ್ತಿದ್ದಾರಮ್ಮ. ಉತ್ತರ ಬರೆಯಬೇಕಲ್ಲ. ಇದಕ್ಕೊಂದು ಸಹಿ ಹಾಕು."

'ನಿರ್ವಹಣೆ ಮಾಡುವವರ ನಿರ್ಲಕ್ಷ್ಯದಿಂದ ಮೀನುಗಳು ಸತ್ತಿರುತ್ತವೆ' ಎಂದಿತ್ತು.

"ನಿರ್ಲಕ್ಷ್ಯ ಅಂತ ಯಾರು ನೋಡಿದ್ದು ಡಾಕ್ಟ್ರೇ?"

"ಮತ್ತೆ ಇನ್ಯಾರದಮ್ಮ? ಶುಕ್ರವಾರದವರೆಗೆ ಟೈಮ್ ತಗೋ."

ಮನೆಯಲ್ಲಿ ಗಂಡ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ. ಕೇಳಿಸಿಕೊಂಡು, "ಒಂದು ಸಹಿ ತಾನೆ? ಗೀಚಿ ಬಿಸಾಕು. ದೊಡ್ಡವರ ಹತ್ರ ಯಾಕೆ ಜಿದ್ದು?" ಎಂದ.

"ಯಾರೋ ಹೊಲಿದ ಅಂಗಿ ಕಂಕುಳಲ್ಲಿ ಹರಿದ್ರೆ ಅದು ನನ್ನ ಹೊಲಿಗೆ ಅಂತ ಬರ್ಕೊಡ್ತೀರಾ ನೀವು?"

"ಅದು ಬೇರೆ ಮಾತು."

"ಏನು ಬೇರೆ? ಹೋಟೆಲಿನ ಯಜಮಾನರೂ ಆ ತೊಟ್ಟಿ ಕೊಟ್ಟವರೂ ಷಡ್ಡಕರು. ಇವತ್ತು ನಾನು ಸಹಿ ಹಾಕಿದ್ರೆ ನಾಳೆ ಇವಳ ಕೈಗುಣ ಸರಿಯಿಲ್ಲ ಅಂತ ಊರೆಲ್ಲ ಆಗತ್ತೆ. ಆಮೇಲೆ ಯಾರು ರೀ ಬಾಗಿಲು ತೆಗೀತಾರೆ ನನಗೆ?"

ಗಂಡ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದ. ಮಾಡದ ತಪ್ಪಿನ ಗೂಬೆಯನ್ನು ತನ್ನ ತಲೆ ಮೇಲೆ ಕೂರಿಸಲು ಇವರ್ಯಾರು?

ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಒಂದೊಂದಾಗಿ ಎಲ್ಲ ಪರೀಕ್ಷೆ ಮಾಡಿದಳು. ನೀರಿನ ಬಿಸಿ ಸರಿಯಿತ್ತು. ಸತ್ತವುಗಳ ಮೈಮೇಲೆ ಬಿಳಿ ಚುಕ್ಕೆ ಇಲ್ಲ, ರೆಕ್ಕೆ ಕಚ್ಚಿದ ಗುರುತಿಲ್ಲ. ಹಾಗಾಗಿ ಮೋಲಿಗಳ ಮೇಲೂ ಅನುಮಾನ ಪಡುವಂತಿಲ್ಲ. ಉಳಿದದ್ದು ತೊಟ್ಟಿಯ ಹಿಂದಿನ ಫಿಲ್ಟರ್ ಡಬ್ಬಿ. ಅದರೊಳಗಿನ ಸ್ಪಂಜಿಗೆ ಆಕೆ ಮೂರು ವಾರದಿಂದ ಕೈ ಹಾಕಿರಲಿಲ್ಲ. ಮೀನಿಗೆ ಹುಷಾರಿಲ್ಲದಾಗ ಸ್ಪಂಜು ಅಲುಗಿಸಬಾರದು ಎಂಬುದು ಆಕೆಯದೇ ಕಟ್ಟಳೆ. ಇವತ್ತು ಕಟ್ಟಳೆ ಮುರಿದು ಮುಚ್ಚಳ ತೆಗೆದಳು.

ಕಂದು ಲೋಳೆ ಹಿಡಿದು ಭಾರವಾಗಿರಬೇಕಾದ ಸ್ಪಂಜು ಹೊಸದರ ಹಾಗೆ ಬೆಳ್ಳಗೆ, ಹಗುರಾಗಿ, ಸ್ವಲ್ಪ ಕುಗ್ಗಿ ಕೂತಿತ್ತು. ಮೂಸಿ ನೋಡಿದಳು. ಆಪರೇಷನ್ ಥಿಯೇಟರಿನ ವಾಸನೆ.

"ಓಹೋ!" ಎಂದವಳೇ ಸ್ಪಂಜು ಹಿಡಿದು ಥಿಯೇಟರ್ ಬಾಗಿಲಿಗೆ ಹೋದಳು.

ಅಲ್ಲಿ ದೊಡ್ಡ ಸಿಸ್ಟರ್ ದರ್ಬಾರು. ಕಿಟಕಿಯ ಅಂಚಿಗೆ ಬೆರಳಾಡಿಸಿ ಧೂಳು ಹುಡುಕುವ ಹೆಂಗಸು. ಇಪ್ಪತ್ತೆಂಟು ವರ್ಷದಲ್ಲಿ ಆಕೆಯ ಥಿಯೇಟರಿನಿಂದ ಹೊರಬಂದ ಒಂದೇ ಒಂದು ಕಣ್ಣೂ ಸೋಂಕು ತಗುಲಿ ಕೆಟ್ಟಿರಲಿಲ್ಲ. ಮೀನಕ್ಕ ಪೈಪನ್ನು ಬಾಯಲ್ಲಿ ಹೀರಿ ನೀರಿಳಿಸುವುದನ್ನು ನೋಡಿದರೆ ಆಕೆಗೆ ವಾಕರಿಕೆ.

"ಇದನ್ನ ತೊಳೆದೋರು ಯಾರು ಸಿಸ್ಟರ್?"

"ನಾನೇ ತೊಳೆಸಿದ್ದು. ಥೂ, ಏನು ಹೊಲಸು ಅದು! ಒಂದು ತಿಂಗಳಿಂದ ಪ್ರತಿ ಶನಿವಾರ ಕತ್ತರಿ ಚಿಮಟ ಎಲ್ಲ ಆದ್ಮೇಲೆ ಕೊನೇಲಿ ಅದನ್ನೂ ಆವಿ ಪೆಟ್ಟಿಗೆಗೆ ಹಾಕಿಸ್ತೀನಿ. ಒಂದು ಕ್ರಿಮಿ ಉಳಿಯಲ್ಲ."

"ಅಯ್ಯೋ ನನ್ನವ್ವಾ! ಆ ಕ್ರಿಮಿಗಳೇ ಅಲ್ವಾ ನನ್ನ ಮೀನು ಕಾಯ್ತಿದ್ದಿದ್ದು! ಮೀನಿನ ಹೊಲಸು ನೀರಲ್ಲೇ ವಿಷ ಆಗತ್ತೆ. ಆ ವಿಷ ತಿಂದು ಬದುಕೋ ಜೀವ ಈ ಲೋಳೇಲಿ ಇರತ್ತೆ. ಅವನ್ನ ನೀವು ವಾರ ವಾರ ಬೇಯಿಸಿದ್ದೀರಿ. ಗಪ್ಪಿ ತಡ್ಕೊಂಡ್ವು, ನಿಯಾನ್ ಸೂಕ್ಷ್ಮದ್ದು, ತಡ್ಕೊಳ್ಳಲಿಲ್ಲ."

"ನಾನು ಕೊಂದೆ ಅಂತೀಯಾ? ಬರೀ ಬಾಯಿಮಾತು!"

"ಬನ್ನಿ ಹಾಗಾದ್ರೆ, ಕಣ್ಣಾರೆ ನೋಡಿ. ಡಾಕ್ಟ್ರನ್ನೂ ಕರೀರಿ."

ಹಾಲ್‌ನಲ್ಲಿ ಎಲ್ಲರೂ ನೋಡುತ್ತಿದ್ದಂತೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜನೂ ಕತ್ತು ಚಾಚಿರಲು, ಆಕೆ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ವಿಷ ಪತ್ತೆಹಚ್ಚುವ ಔಷಧಿಯ ಹನಿ ಬಿಟ್ಟಳು. ನೀರು ಹಳದಿಯಾಯಿತು. "ವಿಷ ಇಲ್ದಿದ್ರೆ ಹಳದೀನೇ ಇರತ್ತೆ" ಎಂದಳು. ಐದು ನಿಮಿಷ ಕೊಳವೆಯನ್ನು ಬೆಳಕಿಗೆ ಹಿಡಿದು ನಿಂತಳು. ಹಳದಿ ನಿಧಾನಕ್ಕೆ ಹಸಿರಾಯಿತು, ಆಮೇಲೆ ಕಡು ಹಸಿರಾಯಿತು. ಸಿಸ್ಟರ್ ಮುಖ ಬಿಳಿಚಿಕೊಂಡಿತು.

ಡಾಕ್ಟರು ಇಬ್ಬರನ್ನೂ ಕೋಣೆಗೆ ಕರೆದೊಯ್ದರು.

"ಸರಿಯಮ್ಮ, ಒಪ್ದೆ. ಆದ್ರೆ ನಮ್ಮ ಸಿಸ್ಟರ್ ತಪ್ಪು ಅಂತ ಹೊರಗೆ ಹೋದ್ರೆ ಜನ ಏನೇನೋ ಅಂತಾರೆ. ನೀನು ಇದಕ್ಕೆ ಸಹಿ ಹಾಕಿಬಿಡು. ನಾನಿರೋವರೆಗೂ ಈ ತೊಟ್ಟಿ ನಿಂದೇ."

"ತೊಟ್ಟಿ ನಿಮ್ದು ಡಾಕ್ಟ್ರೇ, ಯಾರಿಗೆ ಬೇಕಾದ್ರೂ ಕೊಡಿ. ಹೆಸರು ನಂದು, ಕೊಡಲ್ಲ."

"ಹಟ ಮಾಡಬೇಡ. ನಾಳೆಯಿಂದ ಬರಬೇಡ ಅಂದ್ರೆ ಏನ್ ಮಾಡ್ತೀಯಾ?"

"ಬರಲ್ಲ. ಆದ್ರೆ ಹೋಗೋ ದಾರೀಲಿ ಹಾಲ್‌ನಲ್ಲಿ ನಿಂತು ಈ ಕಾಗದ ಗಟ್ಟಿಯಾಗಿ ಓದಿ ಹೋಗ್ತೀನಿ. ಈಗಷ್ಟೇ ಕೊಳವೆ ನೋಡಿದ್ದಾರಲ್ಲ, ಅವ್ರೇ ಹೇಳಲಿ ಯಾರ ನಿರ್ಲಕ್ಷ್ಯ ಅಂತ!"

ಸಿಸ್ಟರ್ ಇಷ್ಟು ಹೊತ್ತೂ ಗೋಡೆಗೆ ಆತು ನಿಂತಿದ್ದಳು. ಈಗ ಮುಂದೆ ಬಂದಳು.

"ಆ ಸ್ಪಂಜು ಮತ್ತೆ ಮೊದಲಿನ ಹಾಗೆ ಆಗೋಕೆ ಎಷ್ಟು ದಿನ ಬೇಕು?"

"ಆರು ವಾರ. ಯಾರೂ ಮುಟ್ಟಬಾರದು."

ಸಿಸ್ಟರ್ ಡಾಕ್ಟರ ಜೇಬಿನಿಂದಲೇ ಪೆನ್ನು ಎಳೆದುಕೊಂಡು, ಮೇಜಿನ ಮೇಲಿದ್ದ ಹಾಳೆಯ ಟೈಪ್ ಸಾಲಿಗೆ ಅಡ್ಡಗೆರೆ ಎಳೆದು, ಮಗುಚಿ ಹಾಕಿ ಬರೆಯತೊಡಗಿದಳು.

"ಸಿಸ್ಟರ್, ಇದೇನು ಮಾಡ್ತಿದ್ದೀರಿ?"

"ಇಪ್ಪತ್ತೆಂಟು ವರ್ಷದಿಂದ ಯಾವ ರೋಗಿಯ ಕಾಗದದಲ್ಲೂ ಸುಳ್ಳು ಬರೆದಿಲ್ಲ ಡಾಕ್ಟ್ರೇ. ಮೀನಿನ ಕಾಗದದಲ್ಲಿ ಶುರು ಮಾಡ್ಲಾ?"

'ಮೀನುಗಳು ಸತ್ತದ್ದು ನನ್ನಿಂದ. ತಿಳಿಯದೆ ಸ್ಪಂಜನ್ನು ಅತಿಯಾಗಿ ಶುಚಿ ಮಾಡಿಸಿದೆ. ತೊಟ್ಟಿ ನೋಡಿಕೊಳ್ಳುವವರದು ಏನೂ ತಪ್ಪಿಲ್ಲ' ಎಂದು ಬರೆದು ಸಹಿ ಹಾಕಿ ಹಾಳೆಯನ್ನು ಮೀನಕ್ಕನ ಕೈಗೆ ಕೊಟ್ಟಳು.

ಮೀನಕ್ಕ ಎರಡು ಸಲ ಓದಿದಳು. ಕೊನೆಯ ಸಾಲು ಆಕೆಗೆ ಒಪ್ಪಿಗೆಯಾಗಲಿಲ್ಲ.

"ಪೆನ್ನು ಕೊಡಿ."

ಆ ಸಾಲನ್ನು ಹೊಡೆದು ಹಾಕಿ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಳು: 'ಮೊದಲ ಮೀನು ಸತ್ತ ದಿನವೇ ನಾನು ಡಬ್ಬಿ ತೆಗೆದು ನೋಡಬೇಕಿತ್ತು. ನೋಡಲಿಲ್ಲ.' ಸಿಸ್ಟರ್ ಹೆಸರಿನ ಪಕ್ಕದಲ್ಲೇ ಸಹಿ ಮಾಡಿದಳು.

"ಈಗ ಕಳಿಸಿ ಡಾಕ್ಟ್ರೇ."