ಅರಿಶಿನದ ವೈರು, ಕುಂಕುಮದ ವೈರು

ನನ್ನ ಗಂಡನ ದನಿಯನ್ನು ಇಲ್ಲವಾಗಿಸಿದವಳು ನಾನೇ. ಕಂಪ್ಯೂಟರ್ ಕೆಟ್ಟಿರಲಿಲ್ಲ, ಸ್ಪೀಕರ್ ಕೆಟ್ಟಿರಲಿಲ್ಲ. ಕಂಪ್ಯೂಟರಿನ ಹಿಂಬದಿಯ ಎರಡು ವೈರುಗಳನ್ನು ಅದಲುಬದಲು ಮಾಡಿ, ಅವರು ದಿನಗಟ್ಟಲೆ ಒದ್ದಾಡುವುದನ್ನು ಬಾಗಿಲಿಗೊರಗಿ ನೋಡಿದೆ. ಈಗ ಅವರಿಲ್ಲ. ಮಾತನಾಡಿಸಲು ಬಂದವರೆಲ್ಲ "ಎಷ್ಟ್ ಸಮಾಧಾನದ ಹೆಣ್ಮಗಳು" ಎನ್ನುತ್ತಾರೆ — ಕೇಳಿದಾಗಲೆಲ್ಲ ಕೈಯಲ್ಲಿದ್ದ ಪಾತ್ರೆ ಎಸೆಯಬೇಕು ಅನಿಸುತ್ತದೆ.

ಬಬಲೇಶ್ವರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಆಟೋ ಪ್ರಚಾರಕ್ಕೆ ದನಿ ಕೊಡುತ್ತಿದ್ದರು. ಸೀರೆ ಅಂಗಡಿ, ಬಿತ್ತನೆ ಬೀಜ, ಕಣ್ಣಿನ ತಪಾಸಣೆ — ಏನೇ ಇರಲಿ, ಮೈಕಿನಲ್ಲಿ ಮಾತನಾಡಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಕೊಡುವುದು ಕೆಲಸ. ತಿಕೋಟಾದಿಂದ ಸಾರವಾಡದವರೆಗೆ ಆಟೋಗಳ ಭೋಂಗಾದಲ್ಲಿ ಅವರದೇ ದನಿ. "ಅಕ್ಕಾರ, ತಂಗೇರ, ನನ್ನ ತಾಯಂದಿರ..." ತಾಲ್ಲೂಕಿನ ಹೆಂಗಸರಿಗೆಲ್ಲ ಬೆಲ್ಲದಂಥ ಮಾತು. ನನಗೆ? "ಚಾ." "ಹೂಂ." "ಆಮ್ಯಾಲ."

ತಿಕೋಟಾದಲ್ಲಿ ನಮ್ಮಕ್ಕ ಆಪರೇಷನ್ ಆಗಿ ಮಲಗಿದ್ದಳು. ಯಾವಾಗ ಹೋಗೋಣ ಎಂದು ಕೇಳಲು ಕೋಣೆಯ ಬಾಗಿಲಿಗೆ ಹೋದೆ. ಗಿರಾಕಿಯ ಮುಂದೆಯೇ ಅಂದರು: "ಏ, ಬಾಯಿ ಮುಚ್ಚ! ನಿನ್ನ ಆವಾಜ್ ಬಂದ್ರ ರೆಕಾರ್ಡ್ ಕೆಡ್ತೈತಿ." ಗಿರಾಕಿ ನಕ್ಕ. ಅವರೂ ನಕ್ಕರು.

ಮರುದಿನ ಕಸ ಹೊಡೆಯುವಾಗ ಕಂಪ್ಯೂಟರಿನ ಹಿಂದೆ ಕೈ ಹಾಕಿದೆ. ಎರಡೂ ಕರಿ ವೈರು. ತೂತುಗಳ ಬಣ್ಣ ಧೂಳಿನಲ್ಲಿ ಮಾಸಿತ್ತು. ಮೈಕಿನದನ್ನು ಸ್ಪೀಕರಿನ ತೂತಿಗೆ, ಸ್ಪೀಕರಿನದನ್ನು ಮೈಕಿನ ತೂತಿಗೆ. ಅಷ್ಟೇ. ಸೆರಗಿಗೆ ಕೈ ಒರೆಸಿಕೊಂಡು ರೊಟ್ಟಿ ಬಡಿಯಲು ಹೋದೆ.

ಒಂದು ದಿನ ಒದ್ದಾಡಲಿ, ಆಮೇಲೆ ಸರಿ ಮಾಡೋಣ ಎಂದುಕೊಂಡಿದ್ದೆ — ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆನೇ? ಅವರು ಬಂದ್ ಮಾಡಿ ಚಾಲೂ ಮಾಡಿದರು. ಸ್ಪೀಕರಿನ ಗುಂಡಿ ಕೊನೆಯವರೆಗೆ ತಿರುವಿದರು. ವೈರು ಅಲುಗಾಡಿಸಿದರು, ಕಿವಿ ಹಚ್ಚಿ ಕೇಳಿದರು, ಸ್ಪೀಕರಿನ ಜಾಳಿಗೆಯೊಳಗೆ ಊದಿದರು. ಸಂಜೆ ನನ್ನ ಕಡೆ ತಿರುಗಿ, "ಮೂಗಾಗೇತಿ ನೋಡ ಇದು. ನಿನ್ನ ಕಣ್ಣ್ ಚುರುಕ ಅದಾವು, ಪರದೆಯಾಗಿನ ಸ್ಪೀಕರಿನ ಚಿತ್ರದ ಮ್ಯಾಲೆ ಕಾಟ್ ಗುರ್ತ ಐತೇನ್ ನೋಡ, ಬಾ" ಎಂದರು. ಕುರ್ಚಿ ಎಳೆದು ಕೂರಿಸಿದರು. ಆ ಸಂಜೆ ಪೂರ್ತಿ ನನ್ನ ಜೊತೆ ಮಾತನಾಡಿದರು. ಮದುವೆಯ ಹೊಸತರಲ್ಲಿಯೂ ಅಷ್ಟು ಮಾತು ನಾನು ಕೇಳಿರಲಿಲ್ಲ.

ಆದ್ದರಿಂದಲೇ ಸರಿ ಮಾಡಲಿಲ್ಲ. ಮೊದಲು ಸಿಟ್ಟು, ಆಮೇಲೆ ಆಸೆ. ಎರಡರಲ್ಲಿ ಯಾವುದು ಹೆಚ್ಚು ಹೊಲಸು — ನನಗೆ ಗೊತ್ತಿಲ್ಲ.

ಕೊನೆಗೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ರಿಪೇರಿ ಅಂಗಡಿಗೆ ಒಯ್ಯಲು ಹೊರಟರು. "ಅರಿಷಿಣ ಕುಂಕುಮದ ಭರಣಿ ಕೊಡ. ಗುರ್ತ ಮಾಡ್ತೇನಿ, ಹೊಳ್ಳಿ ಹಚ್ಚುವಾಗ ತಪ್ಪಬಾರ್ದು." ದೇವರ ಮುಂದಿನ ಭರಣಿಯನ್ನು ನನ್ನ ಕೈಯಾರೆ ತಂದುಕೊಟ್ಟೆ. ಒಂದು ವೈರಿಗೂ ಅದರ ತೂತಿಗೂ ಅರಿಶಿನ, ಇನ್ನೊಂದಕ್ಕೆ ಕುಂಕುಮ. ನನ್ನ ದ್ರೋಹಕ್ಕೆ ಅವರೇ ಬೊಟ್ಟು ಇಟ್ಟರು. ನಾನು ನೋಡುತ್ತ ನಿಂತಿದ್ದೆ.

ಅಂಗಡಿಯವನು ತನ್ನ ಸ್ಪೀಕರನ್ನು ಸರಿಯಾದ ತೂತಿಗೆ ಹಚ್ಚಿದಾಗ ದನಿ ಬಂತಂತೆ. "ಕಾಕಾ, ಕಂಪ್ಯೂಟರ್ ಛಲೋ ಐತ್ರಿ. ನಿಮ್ಮ ಕಿವಿ ತೋರಿಸ್ರಿ" ಎಂದನಂತೆ. ಮನೆಗೆ ಬಂದು ಅರಿಶಿನಕ್ಕೆ ಅರಿಶಿನ, ಕುಂಕುಮಕ್ಕೆ ಕುಂಕುಮ ಕೂಡಿಸಿ ಹಚ್ಚಿದರು. ಮತ್ತೆ ಮೂಕ.

"ಅಲ್ಲಿ ಮಾತಾಡ್ತೈತಿ, ನಮ್ಮ ಮನ್ಯಾಗ ಮಾತಾಡವಲ್ದು."

"ನಮ್ಮ ಮನ್ಯಾಗ ಯಾರ್ ಮಾತಾಡ್ತಾರ್ರಿ, ಅದು ಮಾತಾಡಾಕ?" ಎಂದೆ.

ಅವರು ಮೈಕಿನ ಕಡೆ ತಿರುಗಿದರು. ದನಿ ಹೊರಗೆ ಬರದಿದ್ದರೇನು, ಒಳಗಾದರೂ ಹೋಗುತ್ತಿರಬೇಕು ಎಂದು ರೆಕಾರ್ಡ್ ಮಾಡುತ್ತಲೇ ಹೋದರು. ತಿಕೋಟಾದ ಆಟೋದವನು ಪೆನ್‌ಡ್ರೈವ್ ಹಿಡಿದು ವಾಪಸು ಬಂದ. "ಏನ್ರೀ ಮಾಸ್ತರ, ಮೂಗರಿಗೆ ಪ್ರಚಾರ ಮಾಡೀರೇನು? ಸಂತ್ಯಾಗ ಎಲ್ಲಾರೂ ನನ್ನ ನೋಡಿ ನಕ್ಕರು." ಅವರು ಮೈಕಿಗೆ ಬಾಯಿ ಹಚ್ಚಿ ಮತ್ತೆ ಹೇಳಿದರು, ಜೋರಾಗಿ, ಗಂಟಲು ಹರಿಯುವ ಹಾಗೆ — ಅಕ್ಕಾರ, ತಂಗೇರ... ಆಮೇಲೆ ಆ ಕೋಣೆಯ ಬಾಗಿಲನ್ನೇ ಹಾಕಿಬಿಟ್ಟರು. ನನ್ನ ಜೊತೆಗಿನ ಮಾತೂ ನಿಂತಿತು. ಕೆಲವೇ ವಾರಗಳಲ್ಲಿ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಇವತ್ತಿಗೂ ನನಗೆ ಅವರ ಮೇಲೆ ಸಿಟ್ಟಿದೆ. ನೀನೇನಾದರೂ ಮುಟ್ಟಿದೆಯಾ ಎಂದು ಒಂದು ಸಲ ಕೇಳಬಹುದಿತ್ತಲ್ಲ? ಅಂಗಡಿಯವನನ್ನು ಸಂಶಯಪಟ್ಟರು, ವೈರನ್ನು, ತಮ್ಮ ಕಿವಿಯನ್ನು, ಮನೆಯ ವಾಸ್ತುವನ್ನು ಸಂಶಯಪಟ್ಟರು. ನನ್ನನ್ನು ಮಾತ್ರ ಇಲ್ಲ. ನನ್ನ ಕೈಯಿಂದ ಏನಾದರೂ ಆದೀತು ಎಂದು ಅವರಿಗೆ ಅನಿಸಲೇ ಇಲ್ಲ. — ಆದರೆ ಇದು ನನ್ನ ನೆಪವಲ್ಲ. ಹಾಗೆ ಓದಬೇಡಿ.

ದಿನಕರ್ಮ ಮುಗಿದ ಮೇಲೆ ಕುಂಕುಮ ಅರಿಶಿನ ಒರೆಸಿ ವೈರು ಬದಲಿಸಿದೆ. ಸ್ಪೀಕರ್ ಡುಬ್ ಎಂದಿತು. ಹಳೆಯ ರೆಕಾರ್ಡುಗಳನ್ನು ಜಾಗ ಸಾಲದೆಂದು ಅವರು ಅಳಿಸುತ್ತಲೇ ಬಂದಿದ್ದರು. ಉಳಿದಿದ್ದು ಮೈಕಿನ ವೈರು ತಪ್ಪು ತೂತಿನಲ್ಲಿದ್ದ ಆ ಕೊನೆಯ ದಿನಗಳವು ಮಾತ್ರ. ಒಂದೊಂದನ್ನೇ ಹಚ್ಚಿದೆ. ಏನೂ ಇಲ್ಲ. ಆಟೋದವರನ್ನು ಕೇಳಿದೆ, ಅವರ ಪೆನ್‌ಡ್ರೈವುಗಳಲ್ಲಿ ಈಗ ಬೇರೆ ಯಾರದೋ ದನಿ.

ನಮ್ಮತ್ತೆ ಸಂತೆಯ ದಿನ ಸಾರವಾಡದಿಂದ ಬಸ್ಸಿಗೆ ಬರುತ್ತಾರೆ. ಆ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂರುತ್ತಾರೆ. "ಯವ್ವಾ, ನನ್ನ ಮಗನ ಆವಾಜ್ ಒಂದೀಟ್ ಹಚ್ಚ." ಪ್ರತಿ ಸಲವೂ ನನ್ನದು ಒಂದೇ ಉತ್ತರ: "ಸ್ಪೀಕರ್ ಕೆಟ್ಟೈತ್ರಿ, ಅತ್ತಿ." ಆಕೆ ತಲೆಯಾಡಿಸಿ, ಸೆರಗಿನಿಂದ ಸ್ಪೀಕರಿನ ಧೂಳು ಒರೆಸಿ ಹೋಗುತ್ತಾರೆ.

ಇವತ್ತು ಸಂತೆ. ಬಸ್ಸು ಬರುವ ಹೊತ್ತಾಯಿತು. ಚಾ ಕೊಡುವುದಕ್ಕೂ ಮೊದಲೇ ಹೇಳುತ್ತೇನೆ — ಸ್ಪೀಕರ್ ಕೆಟ್ಟಿಲ್ಲ ಅತ್ತೆ ಎಂದು. ಆಕೆಯ ಮುಂದೆಯೇ ಹಚ್ಚುತ್ತೇನೆ, ಕೊನೆಯವರೆಗೆ ಕೇಳಿಸುತ್ತೇನೆ. ನನ್ನ ಗಂಡ ಬಯಸಿದ ಹಾಗೆಯೇ ಆಗಿದೆ ಆ ರೆಕಾರ್ಡು. ನನ್ನ ಆವಾಜು ಅದರಲ್ಲಿ ಎಲ್ಲಿಯೂ ಇಲ್ಲ.

ಅವರದೂ ಇಲ್ಲ.